ಕಿವಿಯ ಹಿಂದಿನ ಉಣ್ಣಿ

ದನದ ಉಣ್ಣಿ ಹಿಡಿಯುವುದೂ ಒಂದು ಉದ್ಯೋಗ ಎಂದರೆ, ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯವರೇ ನಂಬುತ್ತಿರಲಿಲ್ಲ. ಉಣ್ಣಿಯ ಜೊಲ್ಲಿನಲ್ಲಿ ಏನೇನಿದೆ ಎಂದು ನಮ್ಮ ಲ್ಯಾಬಿನವರು ಪರೀಕ್ಷಿಸುತ್ತಿದ್ದರು. ರಕ್ತ ಕುಡಿದು ಉಬ್ಬಿದ ಉಣ್ಣಿಯನ್ನು ಜೀವಂತ ತರುವುದು ನನ್ನ ಪಾಲಿನ ಕೆಲಸ. ನಾಲ್ಕು ದಿನ ಕೆಂಗೇರಿಯ ಕೊಟ್ಟಿಗೆಗಳನ್ನು ಸುತ್ತಿದರೂ ಸೀಸೆ ಖಾಲಿ. ಕೊನೆಗೆ ಹಾಲು ಮಾರುವ ಅಜ್ಜಿಯೊಬ್ಬರ ಮನೆಗೆ ಹೋಗಿ, ಅವರ ಹಸುವಿನ ಮೈಮೇಲೆ ಉಣ್ಣಿ ಇದೆಯೇ ಎಂದು ಕೇಳಿದೆ.

“ನಮ್ ಗೌರಿ ಮೈಮೇಲೆ ಉಣ್ಣಿನಾ? ದಿನಾ ಕಿತ್ತು ಕೆಂಡಕ್ಕೆ ಹಾಕ್ತೀನಿ!” ಅಜ್ಜಿ ಸಿಟ್ಟಾದರು.

ಸಮಾಧಾನ ಮಾಡಲು ಪಾಠ ಶುರುಮಾಡಿದೆ. “ಅದರ ಜೊಲ್ಲಲ್ಲಿ ಔಷಧಿ ಥರ ಏನೋ ಇದೆ ಅಜ್ಜಿ. ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ನೋವೂ ಗೊತ್ತಾಗಲ್ಲ. ದಿನಗಟ್ಟಲೆ ಕಚ್ಕೊಂಡಿದ್ರೂ ಪಾಪ, ಮೂಕಪ್ರಾಣಿಗೆ ತಿಳಿಯೋದೇ ಇಲ್ಲ.”

ಅಜ್ಜಿ ನನ್ನ ಕಿವಿಯ ಹಿಂದೆ ದಿಟ್ಟಿಸಿ ನೋಡಿದರು. “ಹೂಂ ಕಣಪ್ಪ, ತಿಳಿದೇ ಇಲ್ಲ” ಎನ್ನುತ್ತ ಏನನ್ನೋ ಹಿಡಿದು ಎಳೆದರು. ಅವರ ಬೆರಳುಗಳ ನಡುವೆ ಹರಳುಬೀಜದಷ್ಟು ದಪ್ಪದ ಉಣ್ಣಿ ಕಾಲಾಡಿಸುತ್ತಿತ್ತು. ಅಭ್ಯಾಸಬಲದಿಂದ ಅಜ್ಜಿಯ ಕೈ ಪಕ್ಕದ ಒಲೆಯ ಕೆಂಡದ ಕಡೆ ಹೊರಟಿತು.

“ಅಯ್ಯೋ, ಹಾಕಬೇಡಿ ಅಜ್ಜಿ! ಅದು ಬೇಕು!” ಎಂದು ಕೈ ಹಿಡಿದುಕೊಂಡೆ.

ಯಾವ ಪ್ರಾಣಿಯ ಮೈಮೇಲೆ ಸಿಕ್ಕಿತೆಂದು ಸೀಸೆಯ ಚೀಟಿಯಲ್ಲಿ ಬರೆಯಬೇಕಿತ್ತು. ನಾನು ಇಂಗ್ಲಿಷಿನಲ್ಲಿ ‘ಹಸು’ ಎಂದು ಬರೆದೆ. ಕನ್ನಡದಲ್ಲಿ ಬರೆದಿದ್ದರೆ ಅದನ್ನು ಓದಿ, ಗೌರಿಯ ಮಾನ ಕಳೆದದ್ದಕ್ಕೆ ಅಜ್ಜಿ ನನ್ನನ್ನೇ ಕೆಂಡಕ್ಕೆ ಹಾಕುತ್ತಿದ್ದರು.