ಕೊಬ್ಬರಿ ತೂಕಕ್ಕೆ ಕಟ್ಟಿದ ಅಟ್ಟ

ಎರಡು ಸಾವಿರದ ದಶಕದಲ್ಲಿ ಕೆಲವು ವರ್ಷ ನಾನು ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ತುಮಕೂರಿಗೆ ಹೋಗಿ, ಒಂದು ವೆಲ್ಡಿಂಗ್ ಶಾಪಿನಲ್ಲಿ ಕಂಪ್ಯೂಟರ್ ಮೇಲೆ ನಕ್ಷೆ ಬರೆಯುತ್ತಿದ್ದೆ. ಗೇಟು, ಶೀಟಿನ ಶೆಡ್ಡು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಹೆಚ್ಚಾಗಿ ಇವೇ. ಶಾಪಿನ ಮಾಲೀಕರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು.

ಸಾಫ್ಟ್‌ವೇರಿನಲ್ಲಿ ಚೌಕಟ್ಟು ಕಟ್ಟಲು ಮೊದಲು ಬರೀ ಗೆರೆಗಳನ್ನು ಎಳೆಯಬೇಕು. ಆಮೇಲೆ ಪ್ರತಿ ಗೆರೆಗೂ ಯಾವ ಕಬ್ಬಿಣ ಎಂದು ಹೇಳಬೇಕು. ಆಂಗಲ್, ಚಾನೆಲ್, ಚೌಕದ ಪೈಪು ಇವುಗಳನ್ನು ಅಡ್ಡ ಕೊಯ್ದರೆ ಕಾಣುವ ಆಕಾರಗಳು ಒಳಗೆ ಮೊದಲೇ ಇರುತ್ತವೆ. ಅವಕ್ಕೆ ಪ್ರೊಫೈಲ್ ಎಂದು ಹೆಸರು. ಒಂದನ್ನು ಆರಿಸಿದರೆ ಗೆರೆ ಕಬ್ಬಿಣವಾಗುತ್ತದೆ. ಅಲ್ಲಿ ಇಲ್ಲದ ಆಕಾರ ಬೇಕಾದರೆ ನಾವೇ ಬರೆದು, ಹೆಸರಿಟ್ಟು ಸೇರಿಸಬೇಕು.

ಹಾಗಲವಾಡಿ ಕಡೆಯ ಒಬ್ಬ ಯಜಮಾನರು ಅಂಥದೊಂದು ಆಕಾರವನ್ನು ಕೇಳಿಕೊಂಡು ಬಂದರು. ಅವರ ಅಡುಗೆಮನೆಯ ಮೇಲಿದ್ದ ಮರದ ಅಟ್ಟವನ್ನು ಗೆದ್ದಲು ತಿಂದಿತ್ತು. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಲೆಯ ಕಾವಿನಲ್ಲಿ ಹೆಚ್ಚುಕಡಿಮೆ ವರ್ಷ ಬಿಟ್ಟು, ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಇಳಿಸುತ್ತಾರೆ. ಅಟ್ಟಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುವುದು ರೂಢಿ. ಅದರ ಬದಲು ಕಬ್ಬಿಣದ ಪಟ್ಟಿ ಬೇಕಿತ್ತು: ಗಾಳಿಯಾಡಬೇಕು, ಕಾಯಿ ಜಾರಬಾರದು, ಅಂಚು ಚೂಪಾಗಿರಬಾರದು.

ಭಾಯ್ ಮೇಜಿನ ಮೇಲಿದ್ದ ಒಂದು ಲಗ್ನಪತ್ರಿಕೆಯನ್ನು ಮಡಚಿ ಬೋರಲು ಹಾಕಿದ ದೋಣಿಯಂತೆ ಮಾಡಿ, "ಹಿಂಗೆ ಬರೀಮ್ಮಾ" ಎಂದರು. ನಾನು ಬರೆದೆ. ತಗಡು ಮಡಿಯುವಲ್ಲಿ ಮೂಲೆಗಳನ್ನು ಗುಂಡಗೆ ಮಾಡಿ, ಅಟ್ಟದ ಗೆರೆಗಳ ಮೇಲೆಲ್ಲ ಅದನ್ನೇ ಕೂರಿಸಿದೆ. ಪರದೆಯ ಮೇಲೆ ಚೆನ್ನಾಗಿ ಕಂಡಿತು.

"ಎಷ್ಟು ತೂಕ ಕೂರ್ತದೆ ಯಜಮಾನ್ರೇ?" ಎಂದು ಭಾಯ್ ಕೇಳಿದ್ದರು. ಯಜಮಾನರು ಕ್ವಿಂಟಾಲ್ ಲೆಕ್ಕದಲ್ಲಿ ಹೇಳಿದರು. ತಗಡಿನ ದಪ್ಪ, ಪಟ್ಟಿಯ ಎತ್ತರ ಎಲ್ಲವೂ ಆ ಮಾತಿನ ಮೇಲೆ ನಿಂತವು.

ಅಟ್ಟ ಕೂರಿಸಿ ಕೆಲವು ವಾರ ಕಳೆದಿರಬೇಕು. ಆ ಮನೆಯ ಸೊಸೆ ಶಾಪಿಗೆ ಫೋನ್ ಮಾಡಿದಳು.

"ಅಣ್ಣ, ಮಗೀನ ಜೋಲಿನ ನಿಮ್ಮ ಅಟ್ಟಕ್ಕೇ ಕಟ್ಟಿದೀನಿ. ದಿನಾ ಕೆಳಕ್ಕೆ ಬರ್ತೈತೆ. ಮಾವ ಬಟ್ಟೆ ಜಗ್ಗೈತೆ ಅಂತಾರೆ. ಮೊನ್ನೆ ಹೊಸ ಸೀರೆಲಿ ಕಟ್ದೆ. ಇವತ್ತು ಅದೂ ನೆಲ ಮುಟ್ಟೈತೆ."

ಮಧ್ಯಾಹ್ನದ ಹೊತ್ತಿಗೆ ಭಾಯ್ ಮತ್ತು ನಾನು ಹಾಗಲವಾಡಿ ದಾರಿಯಲ್ಲಿದ್ದೆವು. ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ ದಾರ ಹಿಡಿದು ನೋಡಿದೆವು. ಅಂಚಿನಲ್ಲಿ ದಾರ ಪಟ್ಟಿಗಳ ಕೆಳಗಿತ್ತು. ನಡುವೆ ಬಾಗಿದ ಪಟ್ಟಿಗಳೇ ದಾರವನ್ನು ಕೆಳಕ್ಕೆ ಒತ್ತುತ್ತಿದ್ದವು. ಭಾಯ್ ಏಣಿ ಹತ್ತಿ ಇಣುಕಿದರು. ಅಟ್ಟ ಇನ್ನೂ ಅರ್ಧವೂ ತುಂಬಿರಲಿಲ್ಲ.

"ಇದೇನ್ ಯಜಮಾನ್ರೇ, ಎಲ್ಲಾ ಹಸಿ ಕಾಯಿ!"

"ಮತ್ತಿನ್ನೇನ್ ಸಾಬ್ರೇ, ಮರದಾಗೆ ಕೊಬ್ಬರಿ ಬಿಡ್ತದಾ?"

"ಅಲ್ಲ, ನೀವು ಹೇಳಿದ ತೂಕ?"

"ಕೊಬ್ಬರೀದು. ನಾವು ಮಾರೋದು ಅದನ್ನೇ ತಾನೆ?"

ಆ ಸೀಮೆಯಲ್ಲಿ ತೋಟದ ಫಸಲನ್ನು ಕೇಳಿದರೂ ಕೊಬ್ಬರಿಯ ಲೆಕ್ಕದಲ್ಲೇ ಹೇಳುತ್ತಾರೆ. ಭಾಯ್‌ಗೂ ಅದು ಅಭ್ಯಾಸವಾದ ಮಾತು. ಸಿಪ್ಪೆ, ಚಿಪ್ಪು, ನೀರು ಇವುಗಳ ಭಾರ ಶಾಪಿನ ಲೆಕ್ಕಕ್ಕೆ ಬಂದೇ ಇರಲಿಲ್ಲ.

"ಇವತ್ತೇ ಇಳಿಸ್ಬುಡಿ," ಭಾಯ್ ಹೇಳಿದರು. "ಅಟ್ಟ ನಾನು ಬೇರೆ ಮಾಡ್ಕೊಡ್ತೀನಿ."

ಯಜಮಾನರು ಒಪ್ಪಲಿಲ್ಲ. ಅಟ್ಟಕ್ಕೆ ಏರಿದ ಕಾಯಿಯನ್ನು ಒಣಗುವ ತನಕ ಅಲುಗಾಡಿಸಬಾರದೆಂಬುದು ಅವರ ಮನೆಯ ಪದ್ಧತಿ. "ಒಳಗೆ ನೀರು ಕುಲುಕಿದ್ರೆ ಕೊಬ್ಬರಿ ಕೊಳೀತದೆ. ಇನ್ನು ಮೇಲಕ್ಕೆ ಹಾಕಕಿಲ್ಲ, ಅಷ್ಟೇಯ. ಊರುಗೋಲು ಕೊಡಿ, ಸಾಕು."

ಸೊಸೆ ಆ ತನಕ ಬಾಗಿಲ ಬಳಿ ಮಗಳನ್ನು ಎತ್ತಿಕೊಂಡು ನಿಂತಿದ್ದಳು. "ಕೊಬ್ಬರಿ ಕೊಳೀತದೆ ಅಂತ ನೋಡ್ತೀರಲ್ಲ ಮಾವ," ಎಂದಳು. ಅಷ್ಟೇ ಹೇಳಿ ಒಳಗೆ ಬಂದು ಜೋಲಿ ಬಿಚ್ಚಿದಳು. ನಾವು ಹೊರಡುವ ಹೊತ್ತಿಗೆ ಒಂದು ಸೀಮೆಎಣ್ಣೆ ಸ್ಟೌವನ್ನು ಹಿತ್ತಿಲ ಚಪ್ಪರಕ್ಕೆ ಒಯ್ದು ಅಲ್ಲೇ ಅಡುಗೆಗೆ ಇಟ್ಟಿದ್ದಳು.

ಮರುದಿನ ದಪ್ಪ ಪೈಪುಗಳನ್ನು ಕಂಬದ ಹಾಗೆ ನಿಲ್ಲಿಸಿದೆವು. ಒಂದು ಕಂಬ ಒಲೆಯ ಮುಂದೆಯೇ ಬಂತು. ಯಜಮಾನರು ಅದನ್ನು ಅಲ್ಲಾಡಿಸಿ ನೋಡಿದರು. "ಈಗ ಆನೆ ಕಟ್ಟಬೌದು. ಒಳಕ್ಕೆ ಬಾರವ್ವ."

"ಆನೆ ಕಟ್ಕಳಿ ಮಾವ. ನನ್ನ ಮಗಳನ್ನ ಕಟ್ಟಕಿಲ್ಲ."

ಶಾಪಿಗೆ ಬಂದು ಹಳೆಯ ಪ್ರೊಫೈಲ್ ತೆರೆದೆ. ಒಂದೊಂದು ಪಟ್ಟಿಯಲ್ಲೂ ಎಷ್ಟು ಕಬ್ಬಿಣವಿದೆ ಎಂದು ಸಾಫ್ಟ್‌ವೇರ್ ತಾನೇ ಹೇಳುತ್ತಿತ್ತು. ಮೇಲೆ ಏನು ಕೂರುತ್ತದೆಂದು ಅದು ಕೇಳಿರಲಿಲ್ಲ. ಭಾಯ್ ಮಾರುಕಟ್ಟೆಯಿಂದ ಒಂದು ಚೀಲ ಸುಲಿಯದ ಹಸಿ ಕಾಯಿ ತರಿಸಿ ತೂಗಿಸಿದರು. ಹೊಸದಾಗಿ ಬರೆದ ಆಕಾರ ಹಳೆಯದಕ್ಕಿಂತ ಎತ್ತರವಾಗಿತ್ತು, ಅದರ ತಗಡೂ ದಪ್ಪ.

ಕಾಯಿ ಒಣಗುವ ತನಕ ಫೋನ್ ಬಂದಾಗಲೆಲ್ಲ, ಆ ಮನೆಯದೇ ಇರಬಹುದೆಂದು, ಭಾಯ್ ರಿಸೀವರ್ ಎತ್ತುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದರು. ಕೆಟ್ಟ ಸುದ್ದಿ ಬರಲಿಲ್ಲ. ಕೊಬ್ಬರಿ ಇಳಿಯಿತು. ಕಂಬಗಳನ್ನೂ ಬಾಗಿದ ಪಟ್ಟಿಗಳನ್ನೂ ತೆಗೆದು ಹೊಸ ಪಟ್ಟಿಗಳನ್ನು ಕೂರಿಸಿದೆವು. ಅಷ್ಟರಲ್ಲಿ ಜೋಲಿಯ ಮಗು ಓಡಾಡುತ್ತಿತ್ತು.

"ಬಂದು ನೋಡವ್ವ. ಈ ಸಲ ಹಸಿ ಕಾಯಿ ಭಾರಕ್ಕೇ ಮಾಡಿದೀನಿ," ಎಂದು ಭಾಯ್ ಕರೆದರು.

ಸೊಸೆ ಹೊಸಿಲ ತನಕ ಬಂದು ಮೇಲೆ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು. "ಇದ್ರ ಕೆಳಗೆ ನೀವ್ ಮಲಗ್ತೀರಾ ಅಕ್ಕ?"

"ಮಲಗ್ತೀನಿ."

"ಇವತ್ತಲ್ಲ. ಕಾಯಿ ತುಂಬಿದ ಮ್ಯಾಲೆ."

ಕಾಯಿ ತುಂಬಿದ ಮೇಲೆ ಹೋದೆ. ಮಧ್ಯಾಹ್ನ ಊಟವಾದ ನಂತರ ಅವಳೇ ಚಾಪೆ ಹಾಸಿಕೊಟ್ಟಳು. ಅಂಗಾತ ಮಲಗಿ ಪಟ್ಟಿಗಳನ್ನು ನೋಡಿದೆ. ನೆಟ್ಟಗೇ ಇದ್ದವು. ಆದರೂ ಕಣ್ಣು ಮುಚ್ಚಲಾಗಲಿಲ್ಲ. ಅವಳು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ನನ್ನನ್ನು ನೋಡುತ್ತಿದ್ದಳು. ನಾನು ಎದ್ದ ಕೂಡಲೇ ಅವಳೂ ಎದ್ದಳು. ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಿಲ ಚಪ್ಪರಕ್ಕೆ ಹೋಗಿ ಸ್ಟೌ ಹಚ್ಚಿದಳು.