ಸಹಕುಟುಂಬ ಸೈಕಲ್ಲಿನ ಮೇಲೆ

ಕೊನೆಯ ದಿನವೂ ಅಂಬುಬಾಯಿಯೇ ಮೊದಲು ಎದ್ದಳು. ಲಕ್ಷ್ಮೇಶ್ವರದ ಶಾಲೆಯ ಪಡಸಾಲೆಯಲ್ಲಿ ಗಂಡ ರಾಮಚಂದ್ರರಾಯರೂ ಆರು ವರ್ಷದ ಮಗಳು ಗೋದುವೂ ಇನ್ನೂ ಮುಸುಕೆಳೆದು ಮಲಗಿದ್ದರು. ಅವಳು ಬಾವಿಯ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಳು. ರಾಯರು ಪರಾನ್ನ ಉಣ್ಣುತ್ತಿರಲಿಲ್ಲ. ನಾಡೆಲ್ಲ ಒಂದೇ ಮನೆಯಾಯಿತೆಂದು ಊರೂರಲ್ಲಿ ಭಾಷಣ ಮಾಡಿದ ಮನುಷ್ಯ, ಆ ನಾಡಿನ ಯಾವ ಮನೆಯಲ್ಲೂ ಒಂದು ತುತ್ತು ಮುಟ್ಟಲಿಲ್ಲ. ಹದಿನೆಂಟು ದಿನವೂ ಹೆಂಡತಿ ಮಡಿಯಲ್ಲಿ ಬೇಯಿಸಿದ್ದೇ ಆಗಬೇಕಿತ್ತು. ಸೈಕಲ್ ಇಳಿದರೆ ಅವರ ದಿನ ಮುಗಿಯುತ್ತಿತ್ತು. ಅವಳದು ಅಲ್ಲಿಂದ ಶುರು.

ಮುಂಬಯಿ, ಹೈದರಾಬಾದ, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡದ ಊರುಗಳು ಒಂದಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಆ ಊರುಗಳನ್ನು ಸಹಕುಟುಂಬವಾಗಿ ಸೈಕಲ್ ಮೇಲೆ ಸುತ್ತಿ ಬರುತ್ತೇನೆಂದು ಗದಗಿನ ಶಾಲಾಮಾಸ್ತರರಾದ ರಾಯರು ಹೊರಟಿದ್ದರು. ಮುಂಡರಗಿ ದಾಟಿ ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ದಾವಣಗೆರೆ, ಹಾವೇರಿ. ಈಗ ತಿರುಗಿ ಮನೆಯ ದಾರಿ. ಸೈಕಲ್ ಎರಡು. ರಾಯರದರ ಮೇಲೆ ಒಂದು ಧ್ವಜ, ಒಂದು ಸಹಿಪುಸ್ತಕ. ಅಂಬುಬಾಯಿಯದರ ಮೇಲೆ ಗೋದು, ಹಾಸಿಗೆ ಸುರುಳಿ, ಅಕ್ಕಿ ಬೇಳೆಯ ಚೀಲ, ಪಾತ್ರೆಯ ಗಂಟು.

"ಅದು ಕುಟುಂಬದ ಸಾಮಾನು," ಎನ್ನುತ್ತಿದ್ದರು ರಾಯರು. ಮರ್ಯಾದಸ್ಥರು ಹೆಂಡತಿಯ ಹೆಸರು ಹೇಳುವುದಿಲ್ಲವಲ್ಲ, ಆ ಸೀಮೆಯಲ್ಲಿ ಕುಟುಂಬ ಎಂದರೆ ಹೆಂಡತಿ.

ಹೊರಡುವ ಮೊದಲು ಮೈದುನ ಪ್ರಹ್ಲಾದ ಎರಡು ವಾರ ಸೈಕಲ್ಲಿನ ಬೆನ್ನಿಗೆ ಓಡಿ ಅವಳಿಗೆ ಕಲಿಸಿದ್ದ. ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಅವರ ಮನೆಯಿದ್ದ ಓಣಿ ಹಲ್ಲು ಕಿಸಿದು ನೋಡಿತ್ತು. ಹದಿನಾರು ಮೊಳದ ಕಚ್ಚೆ ಸೀರೆ ಇದೊಂದಕ್ಕೆ ಅನುಕೂಲವಾಯಿತು. ಗಂಡಸರ ಸೈಕಲ್ಲಿನ ದಾಂಡಿನ ಮೇಲೆ ಕಾಲು ಹಾಯಿಸಿದರೂ ಯಾರೂ ಏನೂ ಅನ್ನುವಂತಿರಲಿಲ್ಲ. ಎರಡು ಸಲ ಮೊಣಕಾಲು ಕೆತ್ತಿತು. ಮೂರನೆಯ ಸಲ ಅವಳು ಬೀಳಲಿಲ್ಲ.

ಅವಳ ಮನಸ್ಸೆಲ್ಲ ಆ ಸಹಿಪುಸ್ತಕದ ಮೇಲಿತ್ತು. ಊರೂರಿನ ಪಾಟೀಲರು, ಹೆಡ್‌ಮಾಸ್ತರರು ಅದರಲ್ಲಿ ಬರೆದುಕೊಟ್ಟಿದ್ದರು: "ಶ್ರೀ ರಾಮಚಂದ್ರರಾಯರು ಸಹಕುಟುಂಬ ಸೈಕಲ್ ಮೇಲೆ ಬಂದರು." ಇಂಥ ನಲವತ್ತೊಂದು ಬರಹ. ಅಂಬುಬಾಯಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಗ್ರಾಮಸೇವಿಕೆಯ ಕೆಲಸಕ್ಕೆ ಗುಟ್ಟಾಗಿ ಅರ್ಜಿ ಹಾಕಿದ್ದಳು. ಸೋಮವಾರ ಧಾರವಾಡದಲ್ಲಿ ಸಂದರ್ಶನ. ಹಳ್ಳಿಹಳ್ಳಿಗೆ ಸೈಕಲ್ ತುಳಿಯಲು ಬರುತ್ತದೆ ಎಂಬುದಕ್ಕೆ ಬರಹದ ಪುರಾವೆ ತರಬೇಕೆಂದು ಕಾಗದ ಬಂದಿತ್ತು. ಒಂದು ಸಾಲಿನಲ್ಲಾದರೂ ತನ್ನ ಹೆಸರು ಬಿದ್ದರೆ ಸಾಕಾಗಿತ್ತು.

ಅನ್ನ ಬಡಿಸುತ್ತ ಕೇಳಿದಳು. "ಅಲ್ರೀ, ಇವತ್ತರ ಆ ಪುಸ್ತಕದಾಗ ನನ್ನ ಹೆಸರು ಬರಸ್ರಿ."

"ಕುಟುಂಬ ಅಂದ್ರ ನೀನ ಅಲ್ಲೇನು? ಮತ್ತ್ಯಾರನ್ನ ಕಟಗೊಂಡು ತಿರಗಲಿಕ್ಕೆ ಹತ್ತೀನಿ?" ರಾಯರು ನಕ್ಕರು. ಸಂಜೆ ಹಾರ ಬೀಳಲಿದ್ದ ದಿನ, ಮನಸ್ಸು ಪ್ರಸನ್ನವಾಗಿತ್ತು. "ಆತು, ಗದಗಿನ್ಯಾಗ ಬರಸ್ತೀನಿ. ಊರ ಮಂದಿ ಮುಂದ."

ಶಿರಹಟ್ಟಿಯ ಹೆಡ್‌ಮಾಸ್ತರರ ಹೆಂಡತಿ ಕಮಲಾಬಾಯಿ ಅಂಬುಬಾಯಿಯ ಜೊತೆಗೇ ಮುಲ್ಕಿ ಕಟ್ಟಿದವಳು. ಅರ್ಜಿಯ ಸುದ್ದಿ ಗೊತ್ತಿದ್ದವಳು ಅವಳೊಬ್ಬಳೇ. ಗೆಳತಿ ಸೈಕಲ್ ಇಳಿಯುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಅಯ್ಯ, ಖರೇನ ತುಳಕೋತ ಬಂದ್ಯಲ್ಲ ನಮ್ಮವ್ವಾ! ರಾಯರ, ಅಂಬುನ ಹೆಸರು ದಪ್ಪ ಅಕ್ಷರದಾಗ ಬರಸ್ರಿ ಮತ್ತ. ಸೋಮವಾರ ಸಾಹೇಬರು ನೋಡ್ತಾರ. ಗ್ರಾಮಸೇವಿಕಾ ಆದಳಂದ್ರ ನಿಮಗೂ ಭೂಷಣ."

ಪರಾನ್ನದಲ್ಲಿ ಹಾಲು ಸೇರುವುದಿಲ್ಲವೆಂದು ಕುಡಿಯುತ್ತಿದ್ದ ಬಟ್ಟಲನ್ನು ರಾಯರು ಕೆಳಗಿಟ್ಟರು. "ಹೌದs? ಛಲೋ ಆತಲ್ಲ," ಎಂದರು. ಕಮಲಾಬಾಯಿ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅವಳ ಗಂಡ ನಲವತ್ತೆರಡನೆಯ ಸಹಕುಟುಂಬವನ್ನು ಬರೆದು ಮುಗಿಸಿದ್ದ.

ಸೊರಟೂರಿನ ದಾರಿಯಲ್ಲಿ ರಾಯರು ಎಂದೂ ಇಲ್ಲದಂತೆ ಸೈಕಲ್ ನಿಧಾನ ಮಾಡಿ ಹೆಂಡತಿಯ ಪಕ್ಕಕ್ಕೆ ಬಂದರು. ಎರಡೂ ಕಡೆ ಬಿಳಿಜೋಳ ಎದೆಯುದ್ದ ನಿಂತಿತ್ತು. ಎದುರುಗಾಳಿ.

"ಟ್ರೇನಿಂಗ್ ಎಷ್ಟು ದಿನ?"

"ವರ್ಷ ಆಗ್ತದಂತ್ರಿ."

"ಅಲ್ಲೇ ಇರಬೇಕೇನು?"

"ಹೂಂ. ಗೋದೂನ್ನ ಕರಕೊಂಡು ಹೋಗ್ತೀನಿ."

"ಅವ್ವಗ ಮಡಿನೀರು ಯಾರು ತರೋರು?"

"ವೈಶಾಖಕ್ಕ ಪ್ರಹ್ಲಾದನ ಲಗ್ನ ಅದ ಅಲ್ರಿ. ಅಲ್ಲೀತನಕ ನೀವs ನಾಲ್ಕು ಕೊಡ ಸೇದಿದ್ರ..."

"ಎಲ್ಲಾ ವಿಚಾರ ಮಾಡೀ ಬಿಡು," ಎಂದು ರಾಯರು ನಕ್ಕರು. ಬೈಗುಳಕ್ಕೆ ಸಜ್ಜಾಗಿ ಬೆನ್ನು ಬಿಗಿಹಿಡಿದಿದ್ದ ಅಂಬುಬಾಯಿ ಉಸಿರು ಬಿಟ್ಟಳು. ಒಪ್ಪಿದರು ಎಂದುಕೊಂಡಳು. ಸೊರಟೂರಿನ ಬೇವಿನ ಮರದ ಕೆಳಗೆ ಅವಳು ಮಾಡಿದ ಸಾರನ್ನು ರಾಯರು ಮೂರು ಸಲ ಹಾಕಿಸಿಕೊಂಡು ಹೊಗಳಿದರು. ಕೈ ತೊಳೆದವರೇ ಸೈಕಲ್ ಏರಿದರು.

"ಮಲ್ಲಸಮುದ್ರದಾಗ ನಮ್ಮೂರ ಸ್ವಾಗತ ಸಮಿತಿಯವರು ಕಾಯ್ತಿರತಾರ. ನಾ ಮುಂದ ಹೋಗಿ ಖಬರ ಕೊಡ್ತೀನಿ. ನೀ ಭಾಂಡಿ ತೊಳಕೊಂಡು ಸಾವಕಾಶ ಬಾ."

ಭಾಂಡಿ ತೊಳೆಯಲು ಎಷ್ಟು ಹೊತ್ತು ಬೇಕೆಂದು ರಾಯರಿಗೆ ಗೊತ್ತಿತ್ತು. ಅವರು ತೊಳೆದವರಲ್ಲ, ದಿನವೂ ಕೂತು ಕಾದವರು.

ಅವಳು ಮಲ್ಲಸಮುದ್ರ ಮುಟ್ಟಿದಾಗ ಹಾರ ಬಿದ್ದಾಗಿತ್ತು. ಇಪ್ಪತ್ತು ಮೂವತ್ತು ಗಂಡಸರು, ಒಂದು ಬಾಜಾ. ರಸ್ತೆಯ ಪಕ್ಕ ಪರದೆ ಕಟ್ಟಿದ ಟಾಂಗಾ. ಪ್ರಹ್ಲಾದ ಓಡಿ ಬಂದು ಅವಳ ಹ್ಯಾಂಡಲ್ ಹಿಡಿದ. ಅವಳ ಮುಖ ನೋಡಲಿಲ್ಲ.

"ಇಳೀರಿ ವೈನಿ. ಟಾಂಗಾದಾಗ ಕೂಡ್ರಿ."

"ಯಾಕ? ನಾ ಸೈಕಲ್ ಮ್ಯಾಲನ ಬರ್ತೀನಿ. ಇನ್ನೇನು ಊರು ಬಂತಲ್ಲ."

ಸಮಿತಿಯ ಕಾರ್ಯದರ್ಶಿ ಎರಡು ಹೆಜ್ಜೆ ಹಿಂದೆ ಸರಿದ. ಉಳಿದವರೂ ಸರಿದರು. ಅವಳ ಸುತ್ತ ಒಂದು ಬಯಲು ಬಿತ್ತು. ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ಪಾಪ, ದಾರ್ಯಾಗ ಹೊರಗಾಗ್ಯಾರಂತ."

ಗೋದು ಅವಳ ಸೆರಗು ಹಿಡಿಯಲು ಬಂದಳು. ರಾಯರು ಮಗಳನ್ನು ಎತ್ತಿ ತಮ್ಮ ದಾಂಡಿನ ಮೇಲೆ ಕೂರಿಸಿಕೊಂಡರು. "ಅವ್ವನ್ನ ಮುಟ್ಟಬಾರದು ಕೂಸ. ಮೂರು ದಿನ."

ಅಂಬುಬಾಯಿಗೆ ತಿಂಗಳ ದಿನ ಇನ್ನೂ ಎರಡು ವಾರ ಇತ್ತು. ಬಾಯಿ ತೆರೆದಳು. ಮೂವತ್ತು ಜೋಡಿ ಗಂಡಸರ ಕಣ್ಣು. ಇಲ್ಲ, ನಾನು ಹೊರಗಾಗಿಲ್ಲ ಎಂದು ಯಾವ ಮಾತಿನಲ್ಲಿ ಕೂಗಬೇಕು? ಕೂಗಿದರೂ ಯಾರು ಪರೀಕ್ಷೆ ಮಾಡಬೇಕು? ಅಂದು ಶನಿವಾರ. ಶನಿ, ರವಿ, ಸೋಮ. ಅವಳು ಎಣಿಸಿದಳು. ರಾಯರು ಅವಳಿಗಿಂತ ಮೊದಲು ಎಣಿಸಿದ್ದರು.

"ಅವ್ವನ ಸೈಕಲ್ ಕಾಕಾ ಯಾಕ ತಗೊಂಡಾ?" ಗೋದು ಅಳತೊಡಗಿದಳು.

"ನಿಮ್ಮವ್ವ ಇವತ್ತ ರಾಣಿ ಆಗ್ಯಾಳವ್ವಾ," ಎಂದ ಟಾಂಗಾದ ಮೌಲಾಸಾಬ. "ಹತ್ರಿ ಬಾಯಾರ, ಕುದರಿ ನಿಂದ್ರವಲ್ದು."

ಬಾಜಾ ಮುಂದೆ ಹೋಯಿತು. ಪರದೆಯ ಹಿಂದೆ ಪಾತ್ರೆಯ ಗಂಟಿನ ಜೊತೆ ಅವಳು ಗದಗು ಹೊಕ್ಕಳು.

ಬೆಟಗೇರಿಯ ಮನೆಯಲ್ಲಿ ಅತ್ತೆ ಆರತಿಯ ತಟ್ಟೆಯನ್ನು ಮಗನಿಗೆ, ಮೊಮ್ಮಗಳಿಗೆ ಎತ್ತಿದಳು. ಸೊಸೆಗೆ ಹಿತ್ತಲ ಬಾಗಿಲು ತೋರಿಸಿದಳು. "ಅತ್ಯಾ, ಸುಳ್ಳದು," ಎಂದಳು ಅಂಬುಬಾಯಿ. ಅತ್ತೆ ಕಿವಿಗೊಡಲಿಲ್ಲ. "ಗಂಡ ಸುಳ್ಳು ಹೇಳ್ತಾನೇನ, ಇಂಥಾದ್ರಾಗ? ಮಧ್ಯಾಹ್ನ ಅದs ಕೈಲೆ ಬಡಿಸಿ ಏನು ನನ್ನ ಮಗಗ? ಮೊದಲ ಅದನ್ನ ಹೇಳು." ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಚಾಪೆ, ಒಂದು ತಂಬಿಗೆ. ದೂರದಿಂದ ಅನ್ನ ನೂಕುತ್ತಿದ್ದರು. ಹದಿನೆಂಟು ದಿನ ಅವಳ ಕೈಯದಲ್ಲದೆ ಬೇರೇನೂ ಉಣ್ಣದ ರಾಯರು ಈಗ ತಾಯಿ ಬೇಯಿಸಿದ್ದನ್ನು ಉಂಡು ತೇಗುವುದು ಕೊಟ್ಟಿಗೆಗೂ ಕೇಳುತ್ತಿತ್ತು.

ಸೋಮವಾರ ಮುಂಜಾನೆ ಅವಳು ಎದ್ದು ಸೀರೆ ಬಿಗಿದುಟ್ಟು ಹಿತ್ತಲ ಬಾವಿಯ ಹತ್ತಿರ ಬಂದು ನಿಂತಳು. ರಾಯರು ಹಲ್ಲುಜ್ಜುತ್ತಿದ್ದರು.

"ಪುಸ್ತಕ ಕೊಡ್ರಿ. ಎಂಟರ ಗಾಡಿಗೆ ಹೋಗ್ತೀನಿ."

ರಾಯರು ಅವಳನ್ನು ನೋಡಿದರು. ಬಾಯಿ ಮುಕ್ಕಳಿಸಿ ಒಳಗೆ ಹೋಗಿ ಪುಸ್ತಕ ತಂದು ಅವಳ ಕೈಯಲ್ಲಿಟ್ಟರು. "ಒಯ್ಯಿ. ನಾ ಯಾವಾಗ ಬ್ಯಾಡ ಅಂದೀನಿ? ಕಡೀ ಪುಟ ಅಷ್ಟ ಓದಿ ಹೋಗು."

ಕಾರ್ಯದರ್ಶಿಯ ಅಕ್ಷರ ದುಂಡಗಿತ್ತು. "ರಾಯರು ಸೈಕಲ್ ಮೇಲೆಯೂ, ಕುಟುಂಬವು ಟಾಂಗಾದಲ್ಲಿಯೂ ಸುಖರೂಪವಾಗಿ ಆಗಮಿಸಿದರು." ಅವಳು ಎರಡು ಸಲ ಓದಿದಳು. ಆಮೇಲೆ ಹಿಂದಿನ ಪುಟಗಳನ್ನು ತಿರುವಿದಳು. ನಲವತ್ತೆರಡು ಸಾಲು ಇದ್ದವಲ್ಲ. ಸಾಹೇಬರ ಮುಂದೆ ಅವನ್ನೇ ತೋರಿಸಿ ಬಡಿದಾಡಿದರಾಯಿತು.

"ಅಯ್ಯ, ಮುಟ್ಟಿದ್ಯೋ ರಾಮಾ!"

ಮಡಿಯುಟ್ಟ ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಕೈಗೆ ಕೈ ಹಚ್ಚಿ ಕೊಟ್ಟಿ! ನಾ ನೋಡ್ದೆ. ಇನ್ನೂ ಮೂರು ದಿನ ತುಂಬಿಲ್ಲ."

ರಾಯರು ತಮ್ಮ ಕೈ ನೋಡಿಕೊಂಡರು. ತಾವು ಹೇಳಿದ ಸುಳ್ಳನ್ನು ತಾವೇ ಮರೆತಿದ್ದರು.

ಅತ್ತೆ ಬಾವಿಯಿಂದ ಒಂದು ಕೊಡ ಸೇದಿ ಮಗನ ತಲೆಯ ಮೇಲೆ ಸುರಿದಳು. ಪುಷ್ಯದ ಚಳಿ, ರಾಯರು ಹಲ್ಲು ಕಟಕಟಿಸಿದರು. ಎರಡನೆಯ ಕೊಡ ಸೇದಿ ಸೊಸೆಯ ಕಡೆ ತಿರುಗಿದಳು. "ಇಡು ಅದನ್ನ ಕಲ್ಲಿನ ಮ್ಯಾಲೆ. ಮೈಲಿಗಿ ಆದದ್ದು ಹಂಗs ಒಳಗೂ ಬರೂಹಂಗಿಲ್ಲ, ಹೊರಗೂ ಹೋಗೂಹಂಗಿಲ್ಲ."

"ಅತ್ಯಾ, ಬ್ಯಾಡ್ರಿ. ಶಾಯಿ ಅದ ಅದು." ಅಂಬುಬಾಯಿ ಪುಸ್ತಕವನ್ನು ಎದೆಗೆ ಅವುಚಿ ಗಂಡನ ಕಡೆ ನೋಡಿದಳು. "ಹೇಳ್ರಿ. ಖರೆ ಏನಂತ ಹೇಳ್ರಿ ನಿಮ್ಮವ್ವಗ."

ಒಂದು ಮಾತು ಸಾಕಿತ್ತು. ರಾಯರಿಗೂ ಆ ಪುಸ್ತಕ ಪ್ರಾಣ. ಅವರು ತಾಯಿಯ ಕೊಡ ನೋಡಿದರು, ಪುಸ್ತಕ ನೋಡಿದರು, ಒದ್ದೆ ಪಂಚೆ ಹಿಂಡಿಕೊಂಡರು.

"ಅವ್ವ ಹೇಳಿದ್ಹಂಗ ಮಾಡು," ಎಂದರು.

ಅವಳು ಪುಸ್ತಕ ಅವುಚಿಕೊಂಡಿದ್ದಂತೆಯೇ ಅತ್ತೆ ಅವಳ ಮೇಲೆ ಕೊಡ ಸುರಿದಳು. ನೀಲಿ ನೀರು ಸೆರಗಿನಿಂದಿಳಿದು, ಬಟ್ಟೆ ಒಗೆಯುವ ಕಲ್ಲು ದಾಟಿ, ಬಚ್ಚಲ ಮೋರಿಗೆ ಹರಿಯಿತು.

"ಅಳಬ್ಯಾಡ," ಎಂದಳು ಅತ್ತೆ, ಕೊಡ ಬೋರಲಿಡುತ್ತ. "ಕಾಗದ ಒಣಗತಾವ. ನಾಳೆ ನೀರು ಹಾಕ್ಕೊಂಡು ಜಲ್ದಿ ಒಳಗ ಬಾ. ಮೂರನೇ ದಿನ ಇದು, ನನ್ನ ಸೊಂಟ ಬಿದ್ದು ಹೋಗೇದ."