ಎರಡು ಗುರುತಿನ ಗುಂಡಿ

1998ರ ಮೇ 17, ಭಾನುವಾರ. ಬೆಳಿಗ್ಗೆ 6.40ಕ್ಕೆ ರಿಪೇರಿ ಚಾಚಾ ಬಗ್ಗೆ ಪತ್ರಿಕೆಗೆ ಬರೆಯಲು ಕೂತೆ.

ಚಾಚಾ ಅವರ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ತುದಿ ಸವೆದು ಚಪ್ಪಟೆಯಾಗಿತ್ತು. ಸಣ್ಣ ಸ್ಕ್ರೂಗಳನ್ನು ಅದರಿಂದಲೇ ತಿರುಗಿಸುತ್ತಿದ್ದರು. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಯಾರ ಪೆಟ್ಟಿಗೆಯನ್ನಾದರೂ ಅವರ ಎದುರಿಗೇ ಬಿಚ್ಚಬೇಕು, ಅದು ಅವರ ಪದ್ಧತಿ. "ಕುಂದರ್ರಿ, ನಿಮ್ದು ನಿಮ್ಮ ಕಣ್ಣಮುಂದ ಬಿಚ್ಚತೀನಿ" ಎನ್ನುತ್ತಿದ್ದರು. ಅವಸರ ಎಂದವರ ಕೆಲಸ ಹಿಡಿಯುತ್ತಿರಲಿಲ್ಲ.

ನಮ್ಮೂರು ತುರ್ವಿಹಾಳದಿಂದ ನಾನು ಅವರಲ್ಲಿಗೆ ಮೊದಲು ಹೋದದ್ದು 1994ರ ಜನವರಿಯಲ್ಲಿ. ನಮ್ಮ ಟೇಪ್‌ರೆಕಾರ್ಡರಿಗೆ ಆಗ ಎಂಟು ವರ್ಷ, ದನಿಯೆಲ್ಲ ಗೊರಗೊರ. ಲಿಂಗಸುಗೂರಿನ ಅಂಗಡಿಯೊಂದರಲ್ಲಿ ಎರಡು ಸ್ಪೀಕರಿನ ಹೊಸದನ್ನು ನೋಡಿ ಬಂದಿದ್ದೆ. ಬಿಚ್ಚಿದರೆ ಗ್ಯಾರಂಟಿ ಇಲ್ಲವೆಂದು ಅದರ ಬೆನ್ನಿಗೆ ಚೀಟಿ ಅಂಟಿಸಿದ್ದರು. ಹೇಳಿದಾಗ ಚಾಚಾ ನಕ್ಕರು.

"ಬಿಚ್ಚಬಾರದಂತ ಚೀಟಿ ಹಚ್ಚಾಕ ಅದೇನು ಹೊಸಾ ಸೊಸಿ ಟ್ರಂಕೇನಬೇ? ಇದಕ್ಕ ಒಳಗ ಎಲ್ಲಾ ಹೊಸಾದು ಹಾಕ್ತೀನಿ. ಬೇಕಾದಾಗ ನೀನ ಬಿಚ್ಚು, ನೀನ ಮುಚ್ಚು."

ಮೂರು ಭಾನುವಾರ ಅವರ ಎದುರು ಕೂತೆ. ಹೊಸ ಮೋಟಾರು, ಟೇಪಿನ ದನಿ ಹಿಡಿಯುವ ಹೊಸ ಹೆಡ್ಡು, ಎರಡು ಸ್ಪೀಕರು. ಬಡಿಗೇರರು ಮಾಡಿದ ಕಟ್ಟಿಗೆಯ ಪೆಟ್ಟಿಗೆಗೆ ಹಿಂದೆ ಒಂದು ಪುಟ್ಟ ಬಾಗಿಲು. ಮನೆಗೆ ತಂದು ಹಾಕಿದರೆ ಅಂಗಡಿಯಲ್ಲಿ ಕೊಂಡ ಹದಿನಾಲ್ಕು ಕ್ಯಾಸೆಟ್ಟುಗಳೂ ಹೊಸದರಂತೆ ಕೇಳಿದವು. ಆಮೇಲೆ ಅಪ್ಪನ ಕ್ಯಾಸೆಟ್ಟು ಹಾಕಿದೆ.

ಅಪ್ಪ ಕಣದಲ್ಲಿ ಜೋಳ ತುಳಿಯುವ ಎತ್ತುಗಳ ಹಿಂದೆ ನಡೆಯುತ್ತ ಹಂತಿ ಪದ ಹಾಡುತ್ತಿದ್ದರು. ಗಂಟಲಿನ ಆಪರೇಶನ್ ಆದ ಮೇಲೆ ಅವರಿಗೆ ಪಿಸುಮಾತು ಮಾತ್ರ ಉಳಿದಿತ್ತು. ದನಿ ಉಳಿದದ್ದು ರಿಪೇರಿಗೆ ಮೊದಲು ಇದೇ ಟೇಪಿನಲ್ಲಿ ತುಂಬಿಟ್ಟ ಏಳು ಕ್ಯಾಸೆಟ್ಟುಗಳಲ್ಲಿ. ಆ ದನಿ ಈಗ ಕೀಚುಕೀಚೆಂದು ಓಡಿತು. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ನಗಲಿಲ್ಲ.

"ಇಲಿ ಹಾಡಾಕತ್ತೈತಿ," ಎಂದು ಪಿಸುಗುಟ್ಟಿದರು. "ನಾ ಎಲ್ಲಿ ಹೋದ್ನೋ ಏನೋ."

ಮರುದಿನ ಅಪ್ಪನೂ ನನ್ನೊಡನೆ ಬಸ್ ಹತ್ತಿದರು. ಚಾಚಾ ಕ್ಯಾಸೆಟ್ಟು ಕೇಳಿ ಹಣೆ ಬಡಿದುಕೊಂಡರು. ಹಳೆಯ ಮೋಟಾರು ಮೊದಲಿನಿಂದಲೂ ನಿಧಾನವಂತೆ. ಅದರಲ್ಲಿ ತುಂಬಿದ ಪದ ಸರಿಯಾದ ಮೋಟಾರಿನಲ್ಲಿ ವೇಗವಾಗಿ ಓಡುತ್ತದಂತೆ.

"ತಪ್ಪು ನಂದರೀ. ಮನ್ಯಾಗ ಏನೇನು ಕೇಳ್ತೀರಿ ಅಂತ ಕೇಳಬೇಕಿತ್ತು ನಾ."

"ಹಳೇ ಮೋಟಾರ ಹಾಕಿಬಿಡ್ರಿ, ಸಾಹೇಬ್ರ," ಎಂದರು ಅಪ್ಪ.

"ಹಾಕಿದ್ರ ಮಗಳ ಸಿನಿಮಾ ಹಾಡು ನಿಮ್ಮ ಎತ್ತಿನ ಹಿಂದ ನಡೀತಾವ. ತಡೀರಿ, ಇಬ್ರಿಗೂ ಆಗೂವಂಗ ಮಾಡೂಣು."

ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡಲು ಪೆಟ್ಟಿಗೆಯ ಹೊರಗೆ ಒಂದು ತಿರುಗಿಸುವ ಗುಂಡಿ ಕೂರಿಸಿದರು. ಆದರೆ ಅಪ್ಪನ ದನಿ ಎಷ್ಟು ನಿಧಾನವಿರಬೇಕು? ನನಗೂ ನಿಖರವಾಗಿ ನೆನಪಿರಲಿಲ್ಲ. ಅಪ್ಪ ಎದ್ದು ಅಂಗಡಿಯ ಮುಂದೆ ಸುತ್ತು ಹಾಕತೊಡಗಿದರು. ಕಣದಲ್ಲಿ ಎತ್ತಿನ ಹಿಂದೆ ನಡೆದಷ್ಟೇ ನಿಧಾನ.

"ಚಾ ಕುಡುದು ಹೋಗೂ ಮಂದಿ ನಿಂತು ನೋಡಾಕತ್ಯಾರ್ರಿ," ಎಂದು ಚಾಚಾ ನಗುತ್ತ ಗುಂಡಿ ತಿರುಗಿಸುತ್ತಿದ್ದರು.

"ನೋಡ್ಲಿ ಬಿಡ್ರಿ. ಇನ್ನಷ್ಟು ತಗ್ಗಸ್ರಿ. ಎತ್ತು ಹಿಂಗ ಓಡಂಗಿಲ್ಲ."

ಹನ್ನೆರಡು ಸುತ್ತು ಎಣಿಸಿದೆ. ಹದಿಮೂರನೆಯದರಲ್ಲಿ ಹೆಜ್ಜೆಗೂ ಪದಕ್ಕೂ ಕೂಡಿತು. ಅಪ್ಪ ನಿಂತರು. "ಹಾಂ. ಈಗ ಬಂದ್ನಿ ನಾ."

ಚಾಚಾ ಗುಂಡಿಯ ಪಕ್ಕ ಕೆಂಪು ಬಣ್ಣದಲ್ಲಿ ಎರಡು ಗುರುತು ಹಾಕಿದರು. "ಇದು ಬಜಾರ, ಇದು ಅಪ್ಪ. ನಿನ್ನ ವಹಿಯೊಳಗ ಬರಕೋ, ಬೇಟಿ." ಬರೆದುಕೊಂಡೆ.

ಚಾಚಾ ಕಳೆದ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಆಮೇಲೆ ಎರಡು ಸಲ ಟೇಪಿನ ಬೆಲ್ಟು ಹರಿಯಿತು. ಎರಡು ಸಲವೂ ಹಿಂದಿನ ಬಾಗಿಲು ತೆಗೆದು ನಾನೇ ಹಾಕಿದೆ. ಮೂರು ಭಾನುವಾರ ಎದುರಿಗೆ ಕೂರಿಸಿದ್ದು ಇದಕ್ಕೇ ಇರಬೇಕು.

ಅವರು ಈ ಕೆಲಸ ಯಾರಿಂದ ಕಲಿತರೆಂದು ಅವರ ಮಗಳಿಗೂ ತಿಳಿಯದು. ಮಸ್ಕಿಯಲ್ಲಿ ಒಬ್ಬ ಉಸ್ತಾದರಿದ್ದರು ಎನ್ನುತ್ತಾರೆ, ಅಷ್ಟೇ. ಇದನ್ನು ಓದಿದವರಲ್ಲಿ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಬರೆದವರಿಗೆ, ಗುಂಡಿಯನ್ನು 'ಅಪ್ಪ' ಗುರುತಿಗಿಟ್ಟು ಹಾಡಿಸಿ, ಸರಿಯಾದ ವೇಗದ ಇನ್ನೊಂದು ಟೇಪಿನಲ್ಲಿ ಅಪ್ಪನ ಪದದ ಒಂದು ಕ್ಯಾಸೆಟ್ಟು ತುಂಬಿ ಕಳಿಸುತ್ತೇನೆ. ಯಾವ ಟೇಪಿನಲ್ಲಿ ಹಾಕಿದರೂ ಅದರಲ್ಲಿ ಅಪ್ಪನೇ ಹಾಡುತ್ತಾರೆ.